ಗುರುತಿನ ಚೀಟಿ: ಪರಿಚಯಕ್ಕೋ, ಅನುಮಾನಕ್ಕೋ?

(ದೊಡ್ಡಬಳ್ಳಾಪುರದ ಮಸೀದಿಯೊಂದರಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ. ನಮಾಝಿನ ನಂತರ ಜಮಾಅತಿನವರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಸೇರಿಸಿ ಬರೆಯಲಾಗಿದೆ.)





ಕೆಲವು ವಾರಗಳ ಹಿಂದೆ ಜುಮಾ ಮುಗಿಸಿ ಹೊರಗೆ ಬಂದಾಗ ಮಸೀದಿಯ ಗೇಟಿನ ಹತ್ತಿರ ಒಬ್ಬ ವೃದ್ಧೆ ಮೊಮ್ಮಗನ ಕೈ ಹಿಡಿದು ನಮಗಾಗಿ ಕಾಯುತ್ತಿದ್ದರು. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆಯವರು. ಬಾಲ್ಯದಿಂದಲೂ ರೇಷ್ಮೆ ನೂಲು ಬಿಚ್ಚುವ ಕೆಲಸ. ಬಿಸಿನೀರಿನಲ್ಲಿ ಗೂಡು ತಿರುವಿ ತಿರುವಿ ಅವರ ಬೆರಳ ತುದಿಗಳು ನಯವಾಗಿ ಹೋಗಿವೆ. ಪಡಿತರದ ಅಂಗಡಿಯಲ್ಲಿ ಹೆಬ್ಬೆಟ್ಟು ಇಟ್ಟರೆ ಯಂತ್ರ ಒಪ್ಪುತ್ತಿಲ್ಲ. ಮೂರು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದಾರೆ. ಅವರು ನಮ್ಮನ್ನು ಕೇಳಿದ್ದು ಇಷ್ಟೇ: "ಹಝರತ್, ನಾನು ನಾನೇ ಅಂತ ನೀವು ಒಂದು ಚೀಟಿ ಬರೆದುಕೊಡಿ."

ನಾವು ಬರೆದುಕೊಟ್ಟೆವು. ಆದರೆ ಇಮಾಮನ ಚೀಟಿಯಿಂದ ಯಂತ್ರ ಒಪ್ಪುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಎಪ್ಪತ್ತು ವರ್ಷ ಇದೇ ಮಣ್ಣಿನಲ್ಲಿ ಬದುಕಿದವರು, ಮಕ್ಕಳು ಮೊಮ್ಮಕ್ಕಳನ್ನು ಕಂಡವರು, ತಾವು ಯಾರೆಂದು ಹೇಳಲು ಇನ್ನೊಬ್ಬರ ಬರಹ ಬೇಡಬೇಕಾಯಿತಲ್ಲ ಎಂಬ ಮಾತು ನಮ್ಮನ್ನು ಆ ರಾತ್ರಿ ನಿದ್ದೆ ಮಾಡಗೊಡಲಿಲ್ಲ.

ಹೀಗಿರುವಾಗ ಯುವಕರು ಪದೇ ಪದೇ ಒಂದು ಪ್ರಶ್ನೆ ಕೇಳುತ್ತಾರೆ. ಒಂದು ದೇಶ ತನ್ನ ಜನರಿಗೆಲ್ಲ ರಾಷ್ಟ್ರೀಯ ಗುರುತಿನ ಚೀಟಿ ಕೊಡಬೇಕೇ? ಕೊಟ್ಟರೆ ನಾವು ತೆಗೆದುಕೊಳ್ಳಬೇಕೇ, ಹೆದರಬೇಕೇ? ಕೆಲವರು ಎಲ್ಲಕ್ಕೂ ಹೂಂ ಎನ್ನುತ್ತಾರೆ. ಕೆಲವರು ಯಾರು ಏನು ಕೇಳಿದರೂ ಕೊಡಬೇಡಿ ಎನ್ನುತ್ತಾರೆ. ಎರಡೂ ಕಡೆಯವರು ಮೊದಲು ವಿಷಯವನ್ನು ಸರಿಯಾಗಿ ತಿಳಿಯಬೇಕು.

ಹೆಸರು ಬರೆಯುವುದು ದೀನಿಗೆ ಹೊಸದಲ್ಲ

ಗುರುತು ಏಕಿರುವುದು? ಸೂರಃ ಅಲ್ ಹುಜುರಾತ್‌ನಲ್ಲಿ ಅಲ್ಲಾಹನು ಮಾನವರನ್ನು ಜನಾಂಗಗಳನ್ನಾಗಿಯೂ ಗೋತ್ರಗಳನ್ನಾಗಿಯೂ ಮಾಡಿದ್ದರ ಉದ್ದೇಶವನ್ನು ತಿಳಿಸಿದ್ದಾನೆ. ಅದು ಪರಸ್ಪರ ಪರಿಚಯ. ಮೇಲು ಕೀಳಿಗಾಗಿ ಅಲ್ಲ, ದೂರವಿಡುವುದಕ್ಕಾಗಿಯೂ ಅಲ್ಲ. ಇದೇ ಈ ಇಡೀ ವಿಷಯದ ಅಳತೆಗೋಲು.

ದಾಖಲೆ ಬರೆಯುವುದನ್ನು ನಮ್ಮ ಧರ್ಮ ಎಷ್ಟು ಗಂಭೀರವಾಗಿ ಕಂಡಿದೆ ಎಂದರೆ, ಕುರ್‌ಆನಿನ ಅತಿ ಉದ್ದದ ಆಯತ್ ಇರುವುದೇ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಸೂರಃ ಅಲ್ ಬಕರಃದ 282ನೆಯ ಆಯತ್ ಅದು. ಬರೆಯುವವನು ನ್ಯಾಯವಾಗಿ ಬರೆಯಬೇಕೆಂದೂ, ಬರೆಯುವವನಿಗಾಗಲಿ ಸಾಕ್ಷಿಗಾಗಲಿ ತೊಂದರೆಯಾಗಬಾರದೆಂದೂ ಅಲ್ಲಿ ತಾಕೀತು ಇದೆ. ದತ್ತು ಮಕ್ಕಳನ್ನೂ ಅವರ ನಿಜವಾದ ತಂದೆಯ ಹೆಸರಿನಿಂದಲೇ ಕರೆಯಬೇಕೆಂಬ ಆಜ್ಞೆ ಸೂರಃ ಅಲ್ ಅಹ್‌ಝಾಬ್‌ನಲ್ಲಿದೆ. ಪ್ರವಾದಿವರ್ಯರು(ಸ) ಒಮ್ಮೆ ಇಸ್ಲಾಮ್ ಸ್ವೀಕರಿಸಿದವರ ಹೆಸರುಗಳನ್ನು ಬರೆದುಕೊಡಲು ಹೇಳಿದ್ದನ್ನೂ, ಆಗ 1500 ಪುರುಷರ ಹೆಸರು ಬರೆಯಲಾದದ್ದನ್ನೂ ಹಝ್ರತ್ ಹುದೈಫಾ(ರ) ವರದಿ ಮಾಡಿದ್ದು ಸಹೀಹ್ ಬುಖಾರಿಯಲ್ಲಿದೆ. ಆದ್ದರಿಂದ ಪಟ್ಟಿಯಲ್ಲಿ ಹೆಸರು ಬರೆಸುವುದೇ ತಪ್ಪು ಎನ್ನುವವರ ಮಾತಿಗೆ ಆಧಾರವಿಲ್ಲ.

ಚೀಟಿಗೆ ಫೋಟೋ ತೆಗೆಸುವುದು ಸರಿಯೇ ಎಂದು ಕೆಲವು ಸಹೋದರಿಯರು ಕೇಳಿದ್ದಾರೆ. ಇಂಥ ಅಗತ್ಯಕ್ಕೆ ಉಲಮಾಗಳು ಅನುಮತಿ ಕೊಟ್ಟಿದ್ದಾರೆ. ಮುಖ ಕಾಣುವಂತೆ ತೆಗೆಸಿ, ಸಾಧ್ಯವಿರುವ ಕಡೆ ಮಹಿಳಾ ಸಿಬ್ಬಂದಿಯನ್ನು ಕೇಳಿ. ಅದಕ್ಕಾಗಿ ದಾಖಲೆಯನ್ನೇ ಬಿಡಬೇಡಿ.

ಹಾಲು ಬಿಡಿಸಿದ ತಾಯಿ

ಪಟ್ಟಿಯೊಂದು ಹೇಗಿರಬೇಕು ಎಂಬುದಕ್ಕೆ ಹಝ್ರತ್ ಉಮರ್(ರ) ಅವರ ಕಾಲದ ಒಂದು ಘಟನೆ ಸಾಕು. ಖಿಲಾಫತ್ ವಿಸ್ತರಿಸಿ ಬೈತುಲ್ ಮಾಲ್‌ಗೆ ಸಂಪತ್ತು ಬಂದಾಗ ಅವರು ದೀವಾನ್ ಎಂಬ ದಾಖಲೆ ಪುಸ್ತಕ ಮಾಡಿಸಿದರು. ಯಾರ ಹೆಸರು ಅದರಲ್ಲಿತ್ತೋ ಅವರಿಗೆ ವಾರ್ಷಿಕ ಭತ್ಯೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಫಲಾನುಭವಿಗಳ ಪಟ್ಟಿ. ಮಕ್ಕಳ ವಿಷಯದಲ್ಲಿ ಒಂದು ನಿಯಮವಿತ್ತು. ತಾಯಿಯ ಹಾಲು ಬಿಟ್ಟ ಮಗುವಿಗೆ ಮಾತ್ರ ಭತ್ಯೆ.

ಒಂದು ರಾತ್ರಿ ಮದೀನಾದ ಹೊರಗೆ ವ್ಯಾಪಾರಿಗಳ ತಂಡ ಬೀಡುಬಿಟ್ಟಿತ್ತು. ಹಝ್ರತ್ ಉಮರ್(ರ) ಅವರು ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರ ಜೊತೆ ಕಾವಲಿಗೆ ಹೋದರು. ಒಂದು ಮಗು ಅಳುತ್ತಲೇ ಇತ್ತು. ಎರಡು ಮೂರು ಬಾರಿ ಹೋಗಿ ತಾಯಿಗೆ ಮಗುವನ್ನು ಸಮಾಧಾನ ಮಾಡಲು ಹೇಳಿದರೂ ಅಳು ನಿಲ್ಲಲಿಲ್ಲ. ಕೊನೆಗೆ ಕೇಳಿದಾಗ ಆಕೆ, ಎದುರಿಗಿರುವವರು ಯಾರೆಂದು ತಿಳಿಯದೆ, ಮಗುವಿಗೆ ಹಾಲು ಬಿಡಿಸುತ್ತಿದ್ದೇನೆ, ಏಕೆಂದರೆ ಹಾಲು ಬಿಟ್ಟ ಮಗುವಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರೆ ಎಂದಳು. ಮಗುವಿಗೆ ಇನ್ನೂ ಹಾಲು ಬಿಡುವ ವಯಸ್ಸಾಗಿರಲಿಲ್ಲ.

ಅಂದು ಫಜ್ರ್ ನಮಾಝಿನಲ್ಲಿ ಅವರ ಅಳುವಿನಿಂದಾಗಿ ಹಿಂದೆ ನಿಂತವರಿಗೆ ಕಿರಾಅತ್ ಸ್ಪಷ್ಟವಾಗಿ ಕೇಳಿಸಲಿಲ್ಲ. ನಮಾಝ್ ಮುಗಿಸಿ, ಮಕ್ಕಳಿಗೆ ಅವಸರದಲ್ಲಿ ಹಾಲು ಬಿಡಿಸಬೇಡಿ, ಇನ್ನು ಮುಂದೆ ಹುಟ್ಟಿದ ಪ್ರತಿ ಮಗುವಿಗೂ ಭತ್ಯೆ ಎಂದು ಸಾರಿಸಿದರು.

ಸಹೋದರರೇ, ಇದನ್ನು ಸಾವಧಾನವಾಗಿ ಯೋಚಿಸಿ. ಹಝ್ರತ್ ಉಮರ್(ರ) ಪಟ್ಟಿಯನ್ನು ಸುಡಲಿಲ್ಲ. ಪಟ್ಟಿ ಬೇಕಿತ್ತು. ಆದರೆ ಪಟ್ಟಿಯ ನಿಯಮಕ್ಕೆ ತಕ್ಕಂತೆ ತಾಯಿ ತನ್ನ ಮಗುವನ್ನು ಹಸಿವಿಗೆ ದೂಡಿದಾಗ ತಾಯಿಯನ್ನೂ ಗದರಿಸಲಿಲ್ಲ, ನಿಯಮವನ್ನು ಬದಲಿಸಿದರು. ಮನುಷ್ಯನಿಗಾಗಿ ದಾಖಲೆ, ದಾಖಲೆಗಾಗಿ ಮನುಷ್ಯನಲ್ಲ. ನಾವು ಇಂದು ಹೇಳಬೇಕಾಗಿರುವ ಮಾತು ಇದೊಂದೇ.

ನಮ್ಮ ದೇಶದಲ್ಲಿ ಎರಡು ದಾರಿಗಳು

ಭಾರತದಲ್ಲಿ ಗುರುತಿನ ವಿಷಯ ಎರಡು ದಾರಿಯಲ್ಲಿ ಸಾಗಿದೆ. ಇವೆರಡನ್ನೂ ಒಂದೇ ಎಂದು ತಿಳಿದದ್ದರಿಂದಲೇ ಅರ್ಧ ಗೊಂದಲ.

ಒಂದು ದಾರಿ ಪೌರತ್ವದ ಚೀಟಿಯದು. 2003ರಲ್ಲಿ ಪೌರತ್ವ ಕಾಯ್ದೆಗೆ ತಿದ್ದುಪಡಿ ಮಾಡಿ 14ಎ ಕಲಂ ಸೇರಿಸಲಾಯಿತು. ಪ್ರತಿ ಪೌರನನ್ನೂ ಕಡ್ಡಾಯವಾಗಿ ನೋಂದಾಯಿಸಿ ರಾಷ್ಟ್ರೀಯ ಗುರುತಿನ ಚೀಟಿ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಇದರಿಂದ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ನಿಯಮಗಳೂ ಬಂದವು. ಕೆಲವು ರಾಜ್ಯಗಳ ಆಯ್ದ ಪ್ರದೇಶಗಳಲ್ಲಿ ಬಹೂಪಯೋಗಿ ಚೀಟಿಯ ಪ್ರಯೋಗ ನಡೆಯಿತು, ದೇಶವ್ಯಾಪಿ ಆಗಲಿಲ್ಲ. ರಾಷ್ಟ್ರೀಯ ಜನಸಂಖ್ಯಾ ನೋಂದಣಿ, ಅಂದರೆ ಎನ್‌ಪಿಆರ್, ಇದೇ ನಿಯಮಗಳಡಿಯಲ್ಲಿ ಬರುವಂಥದ್ದು. 2010ರಲ್ಲಿ ತಯಾರಾಗಿ 2015ರಲ್ಲಿ ಪರಿಷ್ಕೃತವಾಯಿತು. 2020ರಲ್ಲಿ ಮತ್ತೆ ನಡೆಯಬೇಕಿದ್ದದ್ದು ಕೊರೊನಾದಿಂದ ನಿಂತಿತು. ಪರಿಶೀಲನೆ ವೇಳೆ ಯಾರ ಪೌರತ್ವ ಸಂಶಯಾಸ್ಪದ ಅನ್ನಿಸುತ್ತದೋ ಅವರ ಹೆಸರಿನ ಮುಂದೆ ಹಾಗೆ ಗುರುತು ಹಾಕುವ ಅವಕಾಶ 2003ರ ನಿಯಮಗಳಲ್ಲಿದೆ. ಜನರಿಗೆ ಭಯ ಹುಟ್ಟಿಸಿದ್ದು ಈ ಭಾಗ.

ಇನ್ನೊಂದು ದಾರಿ ಆಧಾರ್. 2009ರ ಜನವರಿಯಲ್ಲಿ ಇದರ ಪ್ರಾಧಿಕಾರ ರಚನೆಯಾಯಿತು. ಮೊದಲ ಅಧ್ಯಕ್ಷರು ನಮ್ಮ ಬೆಂಗಳೂರಿನ ನಂದನ್ ನಿಲೇಕಣಿ. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ತೆಂಭಲಿ ಎಂಬ ಹಳ್ಳಿಯಲ್ಲಿ ಮೊದಲ ಸಂಖ್ಯೆಯನ್ನು ಕೊಡಲಾಯಿತು. 2016ರಲ್ಲಿ ಅದಕ್ಕೊಂದು ಕಾಯ್ದೆ ಬಂತು. ಆಧಾರ್ ಪೌರನಿಗೆ ಕೊಡುವುದಲ್ಲ, ನಿವಾಸಿಗೆ ಕೊಡುವುದು. ಅದು ಪೌರತ್ವದ ಪುರಾವೆಯಲ್ಲ ಎಂದು ಕಾಯ್ದೆಯ 9ನೆಯ ಕಲಮಿನಲ್ಲೇ ಇದೆ. "ಆಧಾರ್ ಇದೆಯಲ್ಲ, ಇನ್ನೇನು ಬೇಕು" ಎನ್ನುವ ನಮ್ಮ ಹಿರಿಯರು ಇದನ್ನು ತಿಳಿದಿರಬೇಕು. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆಯಲ್ಲಿ ಚುನಾವಣಾ ಆಯೋಗ 11 ದಾಖಲೆಗಳನ್ನು ಹೇಳಿತ್ತು, ಆಧಾರ್ ಅದರಲ್ಲಿ ಇರಲಿಲ್ಲ. ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ಆಧಾರನ್ನು 12ನೆಯ ದಾಖಲೆಯಾಗಿ ಒಪ್ಪಬೇಕೆಂದು ಹೇಳಿತು. ಆಗಲೂ ಅದು ಗುರುತಿಗೆ ಪುರಾವೆ, ಪೌರತ್ವಕ್ಕಲ್ಲ ಎಂದು ಸ್ಪಷ್ಟಪಡಿಸಿತು.

ಆಧಾರನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವರಲ್ಲಿ ನಮ್ಮ ಕಡೆಯವರೂ ಇದ್ದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಿಂದಲೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. 2018ರ ಸೆಪ್ಟೆಂಬರ್ 26ರಂದು ಆಧಾರ್ ಕಾಯ್ದೆಯನ್ನು 5ರಲ್ಲಿ 4 ನ್ಯಾಯಮೂರ್ತಿಗಳು ಎತ್ತಿಹಿಡಿದರು, ಒಬ್ಬರು ಭಿನ್ನ ತೀರ್ಪು ಬರೆದರು. ಎತ್ತಿಹಿಡಿಯುವಾಗಲೂ ಮಿತಿ ಹಾಕಿದರು. ಬ್ಯಾಂಕ್ ಖಾತೆಗೂ ಮೊಬೈಲ್ ಸಿಮ್‌ಗೂ ಆಧಾರ್ ಕಡ್ಡಾಯ ಎಂಬುದು ಹೋಯಿತು. ಆಧಾರ್ ಇಲ್ಲವೆಂದು ಯಾವ ಮಗುವಿಗೂ ಸೌಲಭ್ಯ ನಿರಾಕರಿಸುವಂತಿಲ್ಲ ಎಂದೂ ಆಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮೊಕದ್ದಮೆಯಿಂದ ಸಿಕ್ಕ ರಕ್ಷಣೆ ನಮ್ಮ ಮನೆಯ ಮಕ್ಕಳಿಗೂ ಇದೆ. ಕೃತಜ್ಞತೆ ನಮ್ಮ ಮೇಲಿದೆ.

ಚೀಟಿ ಬೇಕು ಎನ್ನುವವರ ಮಾತು

ಚೀಟಿ ಬೇಕು ಎನ್ನುವವರ ಮಾತನ್ನೂ ನ್ಯಾಯವಾಗಿ ಕೇಳಬೇಕು. ಹಿಂದೆ ಸತ್ತವರ ಹೆಸರಿನಲ್ಲಿ ರೇಷನ್ ಹೋಗುತ್ತಿತ್ತು. ವಿಧವಾ ವೇತನದಲ್ಲಿ ಮಧ್ಯವರ್ತಿ ತನ್ನ ಪಾಲು ಮುರಿದುಕೊಂಡೇ ಕೊಡುತ್ತಿದ್ದ. ಇಂದು ನಮ್ಮ ಮೊಹಲ್ಲಾದ ಎಷ್ಟೋ ತಾಯಂದಿರಿಗೆ ಗೃಹಲಕ್ಷ್ಮಿಯ 2000 ರೂಪಾಯಿ ನೇರವಾಗಿ ಅವರ ಖಾತೆಗೇ ಬರುತ್ತದೆ. ನೆಲಮಂಗಲದ ಗೋದಾಮುಗಳಿಗೂ ಹೊಸಕೋಟೆಯ ಕಾರ್ಖಾನೆಗಳಿಗೂ ಕೆಲಸಕ್ಕೆ ಬರುವ ದೂರದ ಊರಿನ ಹುಡುಗನಿಗೆ ತಾನು ಯಾರೆಂದು ತೋರಿಸಲು ಕಾರ್ಡು ಇರುವುದರಿಂದಲೇ ಬಾಡಿಗೆಗೆ ರೂಮು ಸಿಗುತ್ತದೆ. ಉಳ್ಳವನಿಗೆ ಗುರುತು ಹೇಳುವವರು ಹತ್ತು ಜನ. ಇಲ್ಲದವನಿಗೆ ಕಾಗದವೇ ಗತಿ. ಆದ್ದರಿಂದ ಚೀಟಿಯೇ ಬೇಡ ಎಂದು ನಾವು ಹೇಳುವುದಿಲ್ಲ.

ಇನ್ನೊಂದು ಒಳ್ಳೆಯ ಅಂಶವನ್ನೂ ಹೇಳಬೇಕು. ಆಧಾರ್ ಕಾಯ್ದೆಯ ಪ್ರಕಾರ ಧರ್ಮ, ಜಾತಿ, ಬುಡಕಟ್ಟು, ಭಾಷೆ, ಆದಾಯ, ಕಾಯಿಲೆಯ ವಿವರ ಇವು ಯಾವುವನ್ನೂ ಸಂಗ್ರಹಿಸುವಂತಿಲ್ಲ. ಇದು ಸಣ್ಣ ವಿಷಯವಲ್ಲ. ಆಫ್ರಿಕಾದ ರುವಾಂಡಾದಲ್ಲಿ ಬೆಲ್ಜಿಯನ್ನರು 1930ರ ದಶಕದಲ್ಲಿ ಕೊಟ್ಟ ಗುರುತಿನ ಚೀಟಿಯ ಮೇಲೆ ಹುಟು, ಟುಟ್ಸಿ, ತ್ವಾ ಎಂದು ಜನಾಂಗ ಬರೆದಿರುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೂ ಅದು ಹಾಗೆಯೇ ಮುಂದುವರಿಯಿತು. 1994ರ ಹತ್ಯಾಕಾಂಡದಲ್ಲಿ ರಸ್ತೆ ತಡೆಗಳಲ್ಲಿ ಚೀಟಿ ನೋಡಿ ಜನರನ್ನು ಕೊಂದರು. ಚೀಟಿ ಮಾಡಿದವರು ಅಂದು ಅದನ್ನು ಊಹಿಸಿರಲಿಕ್ಕಿಲ್ಲ. ಚೀಟಿಯ ಮೇಲೆ ಒಂದು ಪದ ಹೆಚ್ಚು ಬರೆದದ್ದರ ಫಲ ಅರವತ್ತು ವರ್ಷದ ನಂತರ ಬಂತು.

ಬ್ರಿಟನ್ ಬೇರೆ ರೀತಿಯ ಪಾಠ. ಎರಡನೆಯ ಮಹಾಯುದ್ಧಕ್ಕೆಂದು 1939ರಲ್ಲಿ ಅಲ್ಲಿ ಗುರುತಿನ ಚೀಟಿ ತಂದರು. ಯುದ್ಧ ಮುಗಿದ ಮೇಲೂ ಪೊಲೀಸರು ಎಲ್ಲದಕ್ಕೂ ಕೇಳತೊಡಗಿದರು. ಜನ ಬೇಸತ್ತರು, 1952ರಲ್ಲಿ ರದ್ದಾಯಿತು. 2006ರಲ್ಲಿ ಮತ್ತೆ ಕಾನೂನು ತಂದು 2010ರಲ್ಲಿ ಅದನ್ನೂ ಹಿಂದಕ್ಕೆ ಪಡೆದರು. ಒಂದು ಕೆಲಸಕ್ಕೆಂದು ತಂದದ್ದು ಹತ್ತು ಕೆಲಸಕ್ಕೆ ಹರಡುತ್ತದೆ ಎಂಬುದನ್ನು ಅವರು ಅನುಭವದಿಂದ ಕಂಡರು.

ಮಸೀದಿಯ ಅಂಗಳದಲ್ಲಿ ಸುಟ್ಟ ಚೀಟಿಗಳು

ಭಾರತೀಯರ ಸತ್ಯಾಗ್ರಹ ಹುಟ್ಟಿದ್ದೇ ಒಂದು ಗುರುತಿನ ಚೀಟಿಯ ವಿಷಯದಲ್ಲಿ ಎಂಬುದು ನಮ್ಮ ಮಕ್ಕಳಲ್ಲಿ ಅನೇಕರಿಗೆ ಗೊತ್ತಿಲ್ಲ. ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ನಲ್ಲಿ ಏಷ್ಯಾದವರು ಮಾತ್ರ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಂಡು ಚೀಟಿ ಇಟ್ಟುಕೊಂಡು ತಿರುಗಬೇಕೆಂಬ ಕಾನೂನಿನ ಪ್ರಸ್ತಾಪ ಬಂತು. 1906ರ ಸೆಪ್ಟೆಂಬರ್ 11ರಂದು ಜೊಹಾನ್ಸ್‌ಬರ್ಗ್‌ನಲ್ಲಿ ಸಭೆ ಸೇರಿತು. ಅಲ್ಲಾಹನನ್ನು ಸಾಕ್ಷಿಯಾಗಿಟ್ಟು ಇದಕ್ಕೆ ತಲೆಬಾಗುವುದಿಲ್ಲ ಎಂದು ಪ್ರತಿಜ್ಞೆ ಮಾಡೋಣ ಎಂದು ಅಲ್ಲಿ ಹೇಳಿದವರು ಹಾಜಿ ಹಬೀಬ್ ಎಂಬ ವ್ಯಾಪಾರಿ. ಗಾಂಧೀಜಿ ಆ ಪ್ರತಿಜ್ಞೆಯ ಭಾರವನ್ನು ಜನರಿಗೆ ಬಿಡಿಸಿ ಹೇಳಿದರು. 1908ರ ಆಗಸ್ಟ್ 16ರಂದು ಅಲ್ಲಿನ ಹಮೀದಿಯಾ ಮಸೀದಿಯ ಅಂಗಳದಲ್ಲಿ ದೊಡ್ಡ ಕಡಾಯಿಯಲ್ಲಿ 2000ಕ್ಕೂ ಹೆಚ್ಚು ನೋಂದಣಿ ಚೀಟಿಗಳನ್ನು ಹಾಕಿ ಸುಟ್ಟರು.

ಇದರಲ್ಲಿ ನಾವು ಗಮನಿಸಬೇಕಾದದ್ದು ಸುಟ್ಟದ್ದನ್ನಲ್ಲ. ಅದಕ್ಕೂ ಮೊದಲು ಅದೇ ವರ್ಷದ ಆರಂಭದಲ್ಲಿ, ಕಾನೂನನ್ನು ಹಿಂದಕ್ಕೆ ಪಡೆಯುತ್ತಾರೆಂಬ ನಂಬಿಕೆಯ ಮೇಲೆ, ಗಾಂಧೀಜಿ ಸ್ವಇಚ್ಛೆಯಿಂದ ನೋಂದಾಯಿಸಿಕೊಳ್ಳಲು ಒಪ್ಪಿದ್ದರು, ಬೆರಳಚ್ಚೂ ಕೊಟ್ಟಿದ್ದರು. ಅಂದರೆ ಅವರ ತಕರಾರು ಕಾಗದದ ಮೇಲೆ ಇರಲಿಲ್ಲ. ಒಂದು ಸಮುದಾಯವನ್ನು ಮಾತ್ರ ಬೇರೆ ನಿಲ್ಲಿಸಿ, ಮೊದಲು ಅನುಮಾನಿಸಿ ಆಮೇಲೆ ಪುರಾವೆ ಕೇಳುವ ಕಾನೂನಿನ ಮೇಲಿತ್ತು. ಎಲ್ಲರಿಗೂ ಸಮನಾಗಿ ಕೊಡುವ ಚೀಟಿ ಬೇರೆ, ಕೆಲವರಿಂದ ಮಾತ್ರ ಕೇಳುವ ಚೀಟಿ ಬೇರೆ.

ಅಸ್ಸಾಮಿನಲ್ಲಿ ಏನಾಯಿತು ನೋಡಿ. 3 ಕೋಟಿ 30 ಲಕ್ಷ ಜನ ಅರ್ಜಿ ಹಾಕಿದರು. 2019ರ ಆಗಸ್ಟ್ 31ರಂದು ಬಂದ ಪೌರತ್ವ ನೋಂದಣಿಯ ಅಂತಿಮ ಪಟ್ಟಿಯಲ್ಲಿ 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಇರಲಿಲ್ಲ. ಅವರಲ್ಲಿ ಮುಸ್ಲಿಮರೂ ಇದ್ದರು, ಹಿಂದೂಗಳೂ ಇದ್ದರು. ಒಂದೇ ಮನೆಯಲ್ಲಿ ಅಣ್ಣನ ಹೆಸರು ಇದ್ದು ತಮ್ಮನ ಹೆಸರು ಇಲ್ಲದ ಸಂದರ್ಭಗಳಾದವು. ಹೆಚ್ಚು ಕಷ್ಟಪಟ್ಟವರು ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು. ಶಾಲೆಗೆ ಹೋದವರಲ್ಲ, ಹೆಸರಿನಲ್ಲಿ ಜಮೀನಿಲ್ಲ, ತಾನು ಇಂಥವರ ಮಗಳು ಎಂಬುದಕ್ಕೆ ಕಾಗದವಿಲ್ಲ. ದಾಖಲೆ ಕೇಳುವ ವ್ಯವಸ್ಥೆಯಲ್ಲಿ ಮೊದಲು ಬೀಳುವವರು ಯಾವಾಗಲೂ ಬಡವರು, ಹೆಂಗಸರು, ವಲಸೆ ಹೋದವರು. ಯಾವ ಧರ್ಮದವರಾದರೂ ಸರಿ.

ಹಾಗಾದರೆ ನಮ್ಮ ಉತ್ತರ

ದೇಶಕ್ಕೆ ಗುರುತಿನ ಚೀಟಿ ಬೇಕೇ ಎಂದರೆ, ಬೇಕು ಎಂದೇ ನಾವು ಹೇಳುತ್ತೇವೆ. ಆದರೆ ಮೂರು ಷರತ್ತು.

ಮೊದಲನೆಯದು, ಚೀಟಿ ಹಕ್ಕನ್ನು ತಲುಪಿಸಬೇಕು, ಹಕ್ಕನ್ನು ತಡೆಯಬಾರದು. ಅನ್ನ, ಔಷಧಿ, ಶಾಲೆ ಇವು ಚೀಟಿಯ ತಪ್ಪಿನಿಂದ ನಿಲ್ಲಬಾರದು. ಬೆರಳಚ್ಚು ಹೊಂದಲಿಲ್ಲವೆಂದು ಯಾರಿಗೂ ಸೌಲಭ್ಯ ತಪ್ಪುವುದಿಲ್ಲ ಎಂದು ಸರ್ಕಾರವೇ ನ್ಯಾಯಾಲಯದ ಮುಂದೆ ಹೇಳಿದೆ. ಆ ಮಾತು ಅಂಗಡಿಯ ಬಾಗಿಲಿನವರೆಗೂ ಬರಬೇಕು.

ಎರಡನೆಯದು, ಬೇಕಾದಷ್ಟನ್ನೇ ಕೇಳಬೇಕು, ಕೇಳಿದ್ದನ್ನು ಕಾಪಾಡಬೇಕು. ಇತರರ ಮನೆಗೆ ಸಲಾಮ್ ಹೇಳಿ ಅನುಮತಿ ಪಡೆಯದೆ ಹೋಗಬಾರದೆಂದು ಸೂರಃ ಅನ್ನೂರ್‌ನಲ್ಲಿ ಆಜ್ಞೆಯಿದೆ. ಪರರ ಗುಟ್ಟು ಹುಡುಕಬಾರದೆಂದು ಹುಜುರಾತ್‌ನಲ್ಲಿದೆ. ಒಬ್ಬನ ಬೆರಳಚ್ಚು, ಕಣ್ಣಿನ ಗುರುತು, ಫೋನ್ ನಂಬರ್ ಇವು ಅವನ ಮನೆಯ ಒಳಕೋಣೆ ಇದ್ದ ಹಾಗೆ. ಪಡೆದವರಿಗೆ ಅದು ಅಮಾನತ್.

ಮೂರನೆಯದು, ಅನುಮಾನದ ಭಾರ ಬಡವನ ಹೆಗಲ ಮೇಲೆ ಬೀಳಬಾರದು. ತಲೆತಲಾಂತರದಿಂದ ಇಲ್ಲೇ ಇರುವವನನ್ನು ಒಂದು ಅಕ್ಷರದ ವ್ಯತ್ಯಾಸಕ್ಕೆ ಹೊರಗಿನವನೆಂದು ಗುರುತು ಹಾಕುವುದಾದರೆ ಅದು ಪರಿಚಯದ ಚೀಟಿಯಲ್ಲ. ತಪ್ಪು ತಿದ್ದುವ ಜಾಗ ಅವನ ಊರಿನ ಹತ್ತಿರ ಇರಬೇಕು, ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೆ ನಾಲ್ಕು ದಿನದ ಕೂಲಿ ಬಿಟ್ಟು ಅಲೆಯುವಂತಿರಬಾರದು. ಪೌರತ್ವದ ಚೀಟಿಯ ದಾರಿ ಈ ಷರತ್ತನ್ನು ಪೂರೈಸದಿರುವವರೆಗೆ ಅದನ್ನು ಪ್ರಶ್ನಿಸುವುದು ನಮ್ಮ ಹಕ್ಕು. ಅರ್ಜಿ, ಮನವಿ, ನ್ಯಾಯಾಲಯ, ಮತ ಎಲ್ಲವೂ ಸಂವಿಧಾನ ಕೊಟ್ಟ ದಾರಿಗಳು.

ನಮ್ಮ ತಪ್ಪು ನಮ್ಮ ರಿಜಿಸ್ಟರಿನಲ್ಲಿ

ಸರ್ಕಾರಕ್ಕೆ ಷರತ್ತು ಹೇಳಿದೆವು. ಈಗ ನಮ್ಮ ಕಡೆಗೂ ನೋಡಿಕೊಳ್ಳೋಣ. ಆ ವೃದ್ಧೆಯ ವಿಷಯ ಹಿಡಿದು ಹೊರಟಾಗ ಇನ್ನೊಂದು ತೊಡಕು ಕಂಡಿತು. ಅವರ ಮಗಳ ಹೆಸರನ್ನು ಗಂಡನ ಮನೆಯ ರೇಷನ್ ಕಾರ್ಡಿಗೆ ಸೇರಿಸಲು ಕೊಟ್ಟ ನಿಕಾಹ್‌ನಾಮಾದಲ್ಲಿ ತಂದೆಯ ಹೆಸರಿನ ಮುಂದೆ ಸೈಯದ್ ಎಂದಿದೆ. ಆಧಾರಿನಲ್ಲಿ ಅದಿಲ್ಲ. ಕೊನೆಯ ಅಕ್ಷರಗಳೂ ಬೇರೆ. ಯಾರು ಬರೆದದ್ದು ಎಂದು ರಿಜಿಸ್ಟರ್ ತೆಗೆದು ನೋಡಿದರೆ ಕೈಬರಹ ನಮ್ಮದೇ.

ಮದುವೆಯ ಗದ್ದಲದಲ್ಲಿ, ಬಿರಿಯಾನಿಗೆ ಹೊತ್ತಾಯಿತೆಂಬ ಅವಸರದಲ್ಲಿ, ಯಾರೋ ಕೂಗಿ ಹೇಳಿದ ಹೆಸರನ್ನು ನಾವು ಬರೆದುಕೊಂಡಿದ್ದೆವು. ದಾಖಲೆ ನೋಡಿ ಬರೆಯಲಿಲ್ಲ. ಅಲ್ ಬಕರಃದ ಆ ಉದ್ದದ ಆಯತನ್ನು ಎಷ್ಟೋ ಬಾರಿ ಓದಿದ, ಓದಿಸಿದ ನಾವೇ ಬರೆಯುವವನ ಜವಾಬ್ದಾರಿ ಮರೆತೆವು. ಅದರ ಫಲವಾಗಿ ಒಬ್ಬ ಹೆಣ್ಣುಮಗಳು ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದಳು. ಅಲ್ಲಾಹನಲ್ಲಿ ತೌಬಾ ಮಾಡಿದ್ದೇವೆ, ಆ ಮನೆಯವರಲ್ಲಿ ಕ್ಷಮೆ ಕೇಳಿದ್ದೇವೆ. ಅಂದಿನಿಂದ ವಧೂವರರ ಮತ್ತು ಇಬ್ಬರ ತಂದೆಯರ ದಾಖಲೆ ಎದುರಿಗೆ ಇಟ್ಟುಕೊಳ್ಳದೆ ನಿಕಾಹ್ ರಿಜಿಸ್ಟರಿನಲ್ಲಿ ಪೆನ್ನು ಇಡುವುದಿಲ್ಲ.

ನಮ್ಮ ಹೆಸರುಗಳ ಕಥೆ ನಿಮಗೆ ಗೊತ್ತೇ ಇದೆ. ಒಂದು ಕಡೆ ಮೊಹಮ್ಮದ್, ಇನ್ನೊಂದು ಕಡೆ ಮಹಮದ್, ಮತ್ತೊಂದು ಕಡೆ ಬರೀ ಎಂಡಿ. ಪಾಷ ಎಂದರೂ ಅವರೇ, ಬಾಷಾ ಎಂದರೂ ಅವರೇ. ತಾಯಿಯ ಹೆಸರಿಗೆ ಶಾಲೆಯಲ್ಲಿ ಬೀ, ಬ್ಯಾಂಕಿನಲ್ಲಿ ಬೇಗಂ, ಮತದಾರರ ಪಟ್ಟಿಯಲ್ಲಿ ಉನ್ನಿಸಾ. ಇನ್ನು ನಮ್ಮ ಹಿರಿಯರಲ್ಲಿ ಬಹಳ ಮಂದಿ ಹುಟ್ಟಿದ್ದು ಜನವರಿ 1ರಂದೇ! ನಗು ಬರುತ್ತದೆ, ನಿಜ. ಆದರೆ ದೇವನಹಳ್ಳಿ ಕಡೆ ಜಮೀನು ಸ್ವಾಧೀನವಾಗಿ ಪರಿಹಾರ ಪಡೆಯಲು ಹೋದಾಗ ಪಹಣಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಒಂದು ಹೆಸರು, ವಂಶವೃಕ್ಷದಲ್ಲಿ ಇನ್ನೊಂದು ಹೆಸರು ಇದ್ದು ಅಣ್ಣತಮ್ಮಂದಿರು ವರ್ಷಗಟ್ಟಲೆ ಅಲೆದದ್ದನ್ನು ನೋಡಿದವರಿಗೆ ನಗು ನಿಲ್ಲುತ್ತದೆ.

ಇಂದೇ ಮಾಡಬೇಕಾದ ಕೆಲಸಗಳು

ಮನೆಯ ಎಲ್ಲರ ದಾಖಲೆಗಳನ್ನು ಒಂದು ಚೀಲದಲ್ಲಿ ಸೇರಿಸಿ. ಶಾಲೆಯ ಟಿಸಿ, ಆಧಾರ್, ಮತದಾರರ ಚೀಟಿ, ರೇಷನ್ ಕಾರ್ಡ್, ಪಹಣಿ, ನಿಕಾಹ್‌ನಾಮಾ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಹೋಲಿಸಿ. ಯಾವುದು ಅತಿ ಹಳೆಯ ದಾಖಲೆಯೋ ಅದನ್ನು ಜೋಪಾನ ಮಾಡಿ. ಅಜ್ಜನ ಕಾಲದ ಕಂದಾಯ ರಸೀದಿಯನ್ನೂ ಎಸೆಯಬೇಡಿ. ಆಧಾರಿನಲ್ಲಿ ಹೆಸರನ್ನು 2 ಬಾರಿ, ಹುಟ್ಟಿದ ದಿನಾಂಕವನ್ನು 1 ಬಾರಿ ಮಾತ್ರ ಬದಲಿಸಲು ಅವಕಾಶ. ಆದ್ದರಿಂದ ಅವಸರದಲ್ಲಿ ತಿದ್ದಿಸಬೇಡಿ, ಒಂದೇ ಸಲ ಸರಿಯಾಗಿ ತಿದ್ದಿಸಿ.

ಮಗು ಹುಟ್ಟಿದರೆ ಅಕೀಕಾಕ್ಕೆ 7ನೆಯ ದಿನ ಲೆಕ್ಕ ಹಾಕುವವರು ಜನನ ನೋಂದಣಿಗೆ 21 ದಿನವನ್ನೂ ಲೆಕ್ಕ ಹಾಕಿ. ಅಷ್ಟರೊಳಗೆ ಶುಲ್ಕವಿಲ್ಲ. ಹೆಸರು ಇನ್ನೂ ಇಟ್ಟಿಲ್ಲದಿದ್ದರೂ ನೋಂದಣಿ ಆಗುತ್ತದೆ, ಹೆಸರನ್ನು ಆಮೇಲೆ ಸೇರಿಸಬಹುದು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಮತದಾರರ ಪಟ್ಟಿ, ಪಾಸ್‌ಪೋರ್ಟ್, ಸರ್ಕಾರಿ ನೌಕರಿ ಎಲ್ಲದಕ್ಕೂ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣ ಪತ್ರವೇ ಪುರಾವೆ. ಚಿಕ್ಕಂದಿನಲ್ಲಿ ಆಧಾರ್ ಮಾಡಿಸಿದ ಮಕ್ಕಳಿಗೆ 5 ವರ್ಷ ತುಂಬಿದಾಗ ಒಮ್ಮೆ, 15 ತುಂಬಿದಾಗ ಒಮ್ಮೆ ಬೆರಳಚ್ಚು ಮತ್ತು ಕಣ್ಣಿನ ಗುರುತು ಕೊಡಿಸಬೇಕು.

ಸಿಕ್ಕಸಿಕ್ಕ ಅಂಗಡಿಯಲ್ಲಿ ಆಧಾರಿನ ಜೆರಾಕ್ಸ್ ಬಿಟ್ಟು ಬರಬೇಡಿ. ಕೊನೆಯ 4 ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಪ್ರಾಧಿಕಾರದ ಜಾಲತಾಣದಿಂದ ಪಡೆಯಬಹುದು. ನಮ್ಮ ಬೆರಳಚ್ಚನ್ನು ಬೇರೆಯವರು ಬಳಸದಂತೆ ಲಾಕ್ ಮಾಡಿಡುವ ಅವಕಾಶವೂ ಇದೆ. ಓದಿದ ಮಕ್ಕಳು ಇದನ್ನು ಹಿರಿಯರಿಗೆ ಮಾಡಿಕೊಡಲಿ. ಫೋನಿಗೆ ಬಂದ ಒಟಿಪಿಯನ್ನು ಯಾರು ಕೇಳಿದರೂ ಹೇಳಬೇಡಿ.

ಕೊನೆಯದಾಗಿ ಒಂದು ಕಟು ಮಾತು. ಹೆದರಿದವರ ಹತ್ತಿರ ಹಣ ಕಿತ್ತು ಹಳೆಯ ತಾರೀಖಿನ ಸುಳ್ಳು ಪ್ರಮಾಣ ಪತ್ರ ಮಾಡಿಸಿಕೊಡುವ ದಲ್ಲಾಳಿಗಳಿದ್ದಾರೆ. ಸುಳ್ಳು ಸಾಕ್ಷಿಯನ್ನು ಪ್ರವಾದಿವರ್ಯರು(ಸ) ಮಹಾಪಾಪಗಳಲ್ಲಿ ಎಣಿಸಿದ್ದಾರೆ. ನಾಳೆ ಅದು ಸಿಕ್ಕಿಬಿದ್ದರೆ ನಿಮ್ಮ ನಿಜವಾದ ದಾಖಲೆಯನ್ನೂ ಯಾರೂ ನಂಬುವುದಿಲ್ಲ. ಸತ್ಯ ನಮ್ಮ ಕಡೆ ಇರುವಾಗ ಸುಳ್ಳು ಕಾಗದ ಏಕೆ?

ಜುಮಾ ನಂತರ ಒಂದು ಗಂಟೆ ಮಸೀದಿಯ ವರಾಂಡದಲ್ಲಿ ಒಂದು ಮೇಜು ಹಾಕಲು ಜಮಾಅತ್ ಒಪ್ಪಿದೆ. ಕಾಲೇಜು ಓದುವ ನಮ್ಮ ಹುಡುಗರು ಕುಳಿತು ಅರ್ಜಿ ತುಂಬಿಕೊಡುತ್ತಾರೆ. ನೆರೆಯ ಹಿಂದೂ, ಕ್ರೈಸ್ತ ಬಂಧುಗಳಿಗೂ ಬಾಗಿಲು ತೆರೆದಿದೆ. ಮಗ್ಗದವರ ಬೆರಳೂ ಗಾರೆ ಕೆಲಸದವರ ಬೆರಳೂ ಸವೆಯುವುದು ಒಂದೇ ರೀತಿ.

ಆ ವೃದ್ಧೆಯ ವಿಷಯ ಏನಾಯಿತು ಎಂದು ಕೇಳುತ್ತೀರಿ. ನಮ್ಮ ಹುಡುಗನೊಬ್ಬ ಅವರ ಜೊತೆ ಹೋದ. ಕಣ್ಣಿನ ಗುರುತಿನ ಯಂತ್ರ ಕೆಟ್ಟಿತ್ತು. ಅವರ ಆಧಾರಿಗೆ ಮೊಬೈಲ್ ನಂಬರ್ ಜೋಡಿಸಿಸಿ, ಒಟಿಪಿಯಿಂದ ಅಕ್ಕಿ ಕೊಡಿಸಿ ಬಂದ. ಮಗಳ ಹೆಸರಿನ ತಿದ್ದುಪಡಿ ಇನ್ನೂ ಬಾಕಿಯಿದೆ. ನಮ್ಮ ರಿಜಿಸ್ಟರಿನ ತಪ್ಪನ್ನು ನಾವೇ ಒಪ್ಪಿ ಬರೆದುಕೊಟ್ಟ ಪತ್ರವನ್ನು ಅರ್ಜಿಯ ಜೊತೆ ಇಟ್ಟಿದ್ದಾರೆ. ಆ ಕೆಲಸ ಆಗುವವರೆಗೆ ಬೆನ್ನು ಹತ್ತುವುದು ನಮ್ಮ ಮೇಲಿನ ಸಾಲ.

ನಮ್ಮೆಲ್ಲರ ಹೆಸರು, ನಮ್ಮ ಕರ್ಮಗಳು ತಪ್ಪಿಲ್ಲದೆ ಬರೆಯಲಾಗುತ್ತಿರುವ ಒಂದು ಗ್ರಂಥವಿದೆ. ಅಲ್ಲಿ ಅಕ್ಷರ ತಪ್ಪುವುದಿಲ್ಲ, ಬೆರಳು ಸವೆದರೂ ಗುರುತು ಅಳಿಯುವುದಿಲ್ಲ. ಆ ದಿನ ಬಲಗೈಯಲ್ಲಿ ತಮ್ಮ ಬರಹ ಪಡೆಯುವವರಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ. ಈ ಲೋಕದಲ್ಲಿ ಬರೆಯುವ ಅಧಿಕಾರ ಇರುವವರಿಗೆ ನ್ಯಾಯವಾಗಿ ಬರೆಯುವ ಮನಸ್ಸು ಕೊಡಲಿ. ಆಮೀನ್.